ಎಣಿಸಿದ್ದನ್ನು ಇನ್ನೊಮ್ಮೆ ಎಣಿಸಿ

2025ರ ಆಗಸ್ಟ್ 6ರಂದು ಹರಿಯಾಣದ ಒಂದು ಹಳ್ಳಿಯ ಮತಯಂತ್ರಗಳು ದೆಹಲಿಯ ಸುಪ್ರೀಂ ಕೋರ್ಟಿಗೆ ಬಂದಿದ್ದವು. ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಗ್ರಾಮದ ಸರಪಂಚ್ ಯಾರು ಎಂಬುದು ಇತ್ಯರ್ಥವಾಗಬೇಕಿತ್ತು. ಕೋರ್ಟಿನ ರಿಜಿಸ್ಟ್ರಾರ್ ಎದುರು, ಎರಡೂ ಕಡೆಯವರ ಸಮ್ಮುಖದಲ್ಲಿ, 65ರಿಂದ 70ರವರೆಗಿನ ಆರು ಮತಗಟ್ಟೆಗಳ ಮತಗಳನ್ನು ಮತ್ತೆ ಎಣಿಸಿದರು. ಎಲ್ಲವೂ ವಿಡಿಯೊದಲ್ಲಿ ದಾಖಲಾಯಿತು. ಒಟ್ಟು 3,767 ಮತ. ಮೋಹಿತ್ ಕುಮಾರ್‌ಗೆ 1,051, ಕುಲದೀಪ್ ಸಿಂಗ್‌ಗೆ 1,000, ಉಳಿದವು ಬೇರೆ ಅಭ್ಯರ್ಥಿಗಳಿಗೆ. ಗೆದ್ದರೆಂದು ಅದುವರೆಗೆ ಘೋಷಿತರಾಗಿದ್ದವರು ಸಾವಿರ ಮತ ಪಡೆದ ಕುಲದೀಪ್ ಸಿಂಗ್.

ಮತದಾನ ನಡೆದದ್ದು 2022ರ ನವೆಂಬರ್ 2ರಂದು. ತಕರಾರು ಎದ್ದದ್ದು 69ನೇ ಮತಗಟ್ಟೆಯ ಲೆಕ್ಕದ ಮೇಲೆ: ಇಬ್ಬರ ಮತಗಳು ಅದಲುಬದಲಾಗಿ ದಾಖಲಾಗಿವೆ ಎಂಬುದು ದೂರು. ಪಾಣಿಪತ್‌ನ ಚುನಾವಣಾ ನ್ಯಾಯಮಂಡಳಿ ಆ ಮತಗಟ್ಟೆಯ ಮರು ಎಣಿಕೆಗೆ ಆದೇಶಿಸಿದ್ದು 2025ರ ಏಪ್ರಿಲ್ 22ರಂದು. ಜುಲೈ 1ರಂದು ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟ್ ಮಾತ್ರ ಒಂದು ಮತಗಟ್ಟೆಗೆ ನಿಲ್ಲದೆ ಎಲ್ಲ ಯಂತ್ರಗಳನ್ನೂ ತರಿಸಿತು. ಆಗಸ್ಟ್ 11ರಂದು ನ್ಯಾಯಮೂರ್ತಿಗಳಾದ ಸೂರ್ಯಕಾಂತ್, ದೀಪಂಕರ್ ದತ್ತ ಮತ್ತು ಎನ್. ಕೋಟೀಶ್ವರ್ ಸಿಂಗ್ ಅವರ ಪೀಠ, ಎರಡು ದಿನದೊಳಗೆ ಮೋಹಿತ್ ಕುಮಾರ್ ಅವರನ್ನು ಸರಪಂಚ್ ಎಂದು ಅಧಿಸೂಚಿಸಬೇಕೆಂದು ಹೇಳಿತು.

ಎಣಿಕೆ ಮುಗಿಯಲು ಒಂದು ದಿನ ಸಾಕಾಯಿತು. ಆ ಒಂದು ದಿನ ಬರಲು ಎರಡು ವರ್ಷ ಒಂಬತ್ತು ತಿಂಗಳು ಹಿಡಿಯಿತು. ಸ್ಥಳೀಯ ಚುನಾವಣೆಗಳ ಮರು ಎಣಿಕೆ ಕುರಿತು ಏನೇ ಮಾತಾಡಿದರೂ ಈ ಅಂತರವನ್ನು ಬಿಟ್ಟು ಮಾತಾಡುವಂತಿಲ್ಲ.

ಹಳ್ಳಿಯ ಚುನಾವಣೆಯಲ್ಲೇ ಇಂಥ ತಕರಾರು ಹೆಚ್ಚು ಏಳಲು ಕಾರಣವಿದೆ. ವಿಧಾನಸಭೆ ಕ್ಷೇತ್ರವೊಂದರಲ್ಲಿ ಲಕ್ಷಕ್ಕೂ ಮೀರಿ ಮತ ಬೀಳುತ್ತವೆ. ಹತ್ತು ಮತದ ತಪ್ಪು ಅಲ್ಲಿ ಸಾಮಾನ್ಯವಾಗಿ ಫಲಿತಾಂಶವನ್ನು ಮುಟ್ಟುವುದಿಲ್ಲ. ಗ್ರಾಮ ಪಂಚಾಯಿತಿ ವಾರ್ಡಿನಲ್ಲಿ ಗೆಲುವಿನ ಅಂತರವೇ ಹತ್ತು ಮತ ಇರಬಹುದು. ಒಂದು, ಎರಡು ಮತದಲ್ಲಿ ಗೆದ್ದವರು, ಸಮ ಮತ ಬಂದು ಚೀಟಿ ಎತ್ತಿಸಿ ಆಯ್ಕೆಯಾದವರು ಪ್ರತಿ ಪಂಚಾಯಿತಿ ಚುನಾವಣೆಯಲ್ಲೂ ಸಿಗುತ್ತಾರೆ. ಸೋತವರೂ ಗೆದ್ದವರೂ ಒಂದೇ ಬೀದಿಯವರು, ಎಷ್ಟೋ ಸಲ ಒಂದೇ ಮನೆತನದವರು. ಎಣಿಕೆಯ ಬಗ್ಗೆ ಅನುಮಾನ ಉಳಿದರೆ ಅದು ಮುಂದಿನ ಐದು ವರ್ಷ ಊರ ಜಗುಲಿಯಲ್ಲೇ ಕೂತಿರುತ್ತದೆ.

ಕರ್ನಾಟಕದಲ್ಲಿ ಎಣಿಕೆಯ ಕೆಲಸವೂ ಸುಲಭದ್ದಲ್ಲ. ಐದು ಸಾವಿರದ ಏಳುನೂರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಮತದಾನ ನಡೆದು, ಡಿಸೆಂಬರ್ 30ರಂದು ತಾಲ್ಲೂಕು ಕೇಂದ್ರಗಳಲ್ಲಿ ಎಣಿಕೆ ನಡೆಯಿತು. ಬೀದರ್ ಜಿಲ್ಲೆಯಲ್ಲಿ ಮತಯಂತ್ರ, ಉಳಿದೆಡೆ ಮತಪತ್ರ. ಪಂಚಾಯಿತಿಯ ಒಂದೇ ವಾರ್ಡಿನಲ್ಲಿ ಎರಡು, ಮೂರು ಸ್ಥಾನಗಳಿರುವುದು ಸಾಮಾನ್ಯ. ಎಷ್ಟು ಸ್ಥಾನವೋ ಮತದಾರರಿಗೆ ಅಷ್ಟು ಮತ; ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ. ಮೂರು ಸ್ಥಾನದ ವಾರ್ಡಿನಲ್ಲಿ ಒಬ್ಬರು ಮೂರು ಕಡೆ ಮೊಹರು ಒತ್ತಿರುತ್ತಾರೆ, ಇನ್ನೊಬ್ಬರು ಒಂದೇ ಕಡೆ ಒತ್ತಿ ಡಬ್ಬಿಗೆ ಹಾಕಿರುತ್ತಾರೆ. ಎರಡೂ ಸಿಂಧು. ನಾಲ್ಕು ಕಡೆ ಒತ್ತಿದ್ದರೆ ಅದು ಕುಲಗೆಟ್ಟ ಮತ.

ಇದರ ಪರಿಣಾಮ ಎಣಿಕೆ ಮೇಜಿನ ಮೇಲೆ ಕಾಣುತ್ತದೆ. ಒಂದೇ ಸ್ಥಾನದ ಚುನಾವಣೆಯಾದರೆ ಆಯಾ ಅಭ್ಯರ್ಥಿಯ ಮತಪತ್ರಗಳನ್ನು ಬೇರೆ ಮಾಡಿ, ಕಟ್ಟು ಕಟ್ಟಿ, ಕಟ್ಟುಗಳನ್ನು ಲೆಕ್ಕ ಹಾಕಿದರಾಯಿತು. ಅನುಮಾನ ಬಂದರೆ ಒಂದು ಕಟ್ಟನ್ನು ಬಿಚ್ಚಿ ನೋಡಬಹುದು. ಬಹುಸ್ಥಾನದ ವಾರ್ಡಿನಲ್ಲಿ ಒಂದೇ ಮತಪತ್ರ ಮೂವರು ಅಭ್ಯರ್ಥಿಗಳಿಗೂ ಸೇರಿರುತ್ತದೆ. ಅದನ್ನು ಯಾರ ಕಟ್ಟಿಗೂ ಹಾಕುವಂತಿಲ್ಲ. ಒಬ್ಬ ಸಿಬ್ಬಂದಿ ಮತಪತ್ರ ಬಿಡಿಸಿ ಚಿಹ್ನೆ ಹೇಳಬೇಕು, ಇನ್ನೊಬ್ಬರು ಹಾಳೆಯ ಮೇಲೆ ಆಯಾ ಹೆಸರಿನ ಮುಂದೆ ಗೆರೆ ಎಳೆಯಬೇಕು. ಬೆಳಿಗ್ಗೆ ಎಂಟಕ್ಕೆ ಶುರುವಾದ ಕೆಲಸ ರಾತ್ರಿಗೆ ತಿರುಗಿದಾಗ, ಕೊಠಡಿಯ ಹೊರಗೆ ಕೂಗಾಟ ನಡೆದಿರುವಾಗ, ಪಕ್ಕದ ಹೆಸರಿನ ಮುಂದೆ ಒಂದು ಗೆರೆ ಬೀಳಲು ದುರುದ್ದೇಶವೇ ಬೇಕಿಲ್ಲ. ದಣಿವು ಸಾಕು.

ಇನ್ನೊಂದು ತೊಡಕು ಮೊಹರಿನದು. ಮತಪತ್ರ ಮಡಚಿದಾಗ ಹಸಿ ಶಾಯಿ ಎದುರು ಬದಿಗೆ ಅಂಟಿ ಎರಡನೇ ಗುರುತು ಮೂಡುತ್ತದೆ. ಅದು ಎರಡನೇ ಮತವಲ್ಲ ಎಂಬುದು ಎಣಿಕೆ ಸಿಬ್ಬಂದಿಗೆ ತಿಳಿದಿರಬೇಕು. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದ ಮೊಹರು ಯಾರದು? ಹೆಬ್ಬೆಟ್ಟಿನ ಗುರುತು ಒತ್ತಿದ ಮತಪತ್ರವನ್ನು ಏನು ಮಾಡಬೇಕು? ಇಂಥ ಪ್ರತಿ ತೀರ್ಮಾನವೂ ಆ ಕ್ಷಣದಲ್ಲಿ ಒಬ್ಬ ಅಧಿಕಾರಿಯ ಕಣ್ಣಳತೆಯ ಮೇಲೆ ನಿಂತಿದೆ. ಮರು ಎಣಿಕೆಯಲ್ಲಿ ಫಲಿತಾಂಶ ಬದಲಾಗುವುದು ಬಹುಪಾಲು ಇಲ್ಲೇ, ತಿರಸ್ಕೃತ ಮತಗಳ ಗುಡ್ಡೆಯಲ್ಲಿ.

ಹಾಗಾದರೆ ಮರು ಎಣಿಕೆ ಕೇಳುವುದು ಯಾವಾಗ? ಸೋತ ಅಭ್ಯರ್ಥಿಗಳು ಹೆಚ್ಚಾಗಿ ಎಡವುವ ಜಾಗ ಇದು. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಪ್ರತಿ ಅಭ್ಯರ್ಥಿ ಪಡೆದ ಮತಗಳನ್ನು ಪಟ್ಟಿಯಲ್ಲಿ ತುಂಬಿ ಓದಿ ಹೇಳುತ್ತಾರೆ. ಅದಾದ ಮೇಲೆ, ಗೆದ್ದವರ ಹೆಸರನ್ನು ಘೋಷಿಸುತ್ತಾರೆ. ಈ ಎರಡರ ನಡುವಿನ ಕೆಲವೇ ನಿಮಿಷಗಳಲ್ಲಿ ಮರು ಎಣಿಕೆಯ ಅರ್ಜಿ ಕೊಡಬೇಕು. ಲೋಕಸಭೆ, ವಿಧಾನಸಭೆಗಳಿಗೆ 1961ರ ಚುನಾವಣಾ ನಿಯಮಾವಳಿಯ 63ನೇ ನಿಯಮ ಇದನ್ನು ವಿವರಿಸುತ್ತದೆ. ಪಂಚಾಯಿತಿ ಚುನಾವಣೆಗಳ ಪದ್ಧತಿಯೂ ಇದೇ ಅಚ್ಚಿನದು. ಅರ್ಜಿ ಲಿಖಿತವಾಗಿರಬೇಕು. ಅಭ್ಯರ್ಥಿಯೇ ಕೊಡಬಹುದು, ಅವರ ಏಜೆಂಟರೂ ಕೊಡಬಹುದು. ಪೂರ್ತಿ ಎಣಿಕೆಯನ್ನೋ ಒಂದು ಭಾಗವನ್ನೋ ಮತ್ತೆ ಮಾಡಿ ಎಂದು ಕೇಳಬಹುದು. ಕಾರಣ ಬರೆಯಲೇಬೇಕು. ಅಧಿಕಾರಿ ಒಪ್ಪಬಹುದು, ಭಾಗಶಃ ಒಪ್ಪಬಹುದು, ಹುರುಳಿಲ್ಲವೆನಿಸಿದರೆ ತಳ್ಳಿಹಾಕಬಹುದು. ಏನೇ ಮಾಡಿದರೂ ಕಾರಣಸಹಿತ ಬರಹದಲ್ಲಿರಬೇಕು. ಹೆಸರು ಘೋಷಣೆಯಾಗಿ ಪ್ರಮಾಣಪತ್ರ ಕೈಸೇರಿತೋ, ಅಧಿಕಾರಿಯ ಅಧಿಕಾರ ಅಲ್ಲಿಗೆ ಮುಗಿಯಿತು.

ಎಣಿಕೆ ಕೇಂದ್ರದ ಗೇಟಿನ ಹೊರಗೆ ಎಷ್ಟೇ ಗಲಾಟೆ ಮಾಡಿದರೂ ಅದು ಅರ್ಜಿಯಾಗುವುದಿಲ್ಲ. ‘ಮೋಸವಾಗಿದೆ, ಮತ್ತೆ ಎಣಿಸಿ’ ಎಂಬ ಒಂದು ಸಾಲೂ ಸಾಲದು. ಯಾವ ಮತಗಟ್ಟೆ, ಯಾವ ಮೇಜು, ಡಬ್ಬಿಯಲ್ಲಿ ಸಿಕ್ಕ ಮತಪತ್ರ ಎಷ್ಟು, ಮತಗಟ್ಟೆಯಲ್ಲಿ ವಿತರಿಸಿದ ಮತಪತ್ರದ ಲೆಕ್ಕ ಎಷ್ಟು, ತಿರಸ್ಕರಿಸಿದ್ದು ಎಷ್ಟು, ಗೆಲುವಿನ ಅಂತರ ಎಷ್ಟು ಎಂದು ಬರೆದ ಅರ್ಜಿಗೆ ತೂಕವಿದೆ. ಅಂತರ ಎಂಟು ಇದ್ದು ತಿರಸ್ಕೃತ ಮತ ನಲವತ್ತಿದ್ದರೆ ಆ ಎರಡು ಅಂಕಿಗಳೇ ಮಾತಾಡುತ್ತವೆ.

ತಿರಸ್ಕೃತ ಮತಗಳ ಮಹತ್ವ ಬೆಂಗಳೂರಿಗರಿಗೆ ಗೊತ್ತಾದದ್ದು 2023ರ ಮೇ 13ರ ರಾತ್ರಿ. ಅದು ವಿಧಾನಸಭೆ ಚುನಾವಣೆ, ಆದರೆ ಅಂತರ ಮಾತ್ರ ಪಂಚಾಯಿತಿಯದ್ದು. ಜಯನಗರದಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಮುಂದಿದ್ದರು. ಬಿಜೆಪಿ ಕಡೆಯವರು ತಿರಸ್ಕೃತ ಅಂಚೆ ಮತಗಳನ್ನು ಮರುಪರಿಶೀಲಿಸಬೇಕೆಂದು ಕೇಳಿದರು. ಎಣಿಕೆ ಕೇಂದ್ರದ ಎದುರು ಎರಡೂ ಪಕ್ಷದವರು ಜಮಾಯಿಸಿದರು, ಮರು ಎಣಿಕೆ ತಡರಾತ್ರಿಯವರೆಗೂ ಎಳೆಯಿತು. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಒಂದು ಮತದ ಬೆಲೆಗೆ ಕರ್ನಾಟಕದಲ್ಲಿ ಎಲ್ಲರೂ ಹೇಳುವ ಉದಾಹರಣೆ ಇನ್ನೂ ಹಳೆಯದು: 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದು, 40,752 ಮತ ಪಡೆದ ಆರ್. ಧ್ರುವನಾರಾಯಣ ಅವರೆದುರು ಸೋತರು. ಕೃಷ್ಣಮೂರ್ತಿ ಮತ್ತೆ ವಿಧಾನಸಭೆ ಚುನಾವಣೆ ಗೆದ್ದದ್ದು 2023ರಲ್ಲಿ, ಕೊಳ್ಳೇಗಾಲದಿಂದ.

ಘೋಷಣೆಯ ಗಡಿ ದಾಟಿದ ಮೇಲೆ ಉಳಿಯುವುದು ನ್ಯಾಯಾಲಯದ ದಾರಿಯೊಂದೇ. ಪಂಚಾಯಿತಿ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಬೇರೆ ರೀತಿಯಲ್ಲಿ ಪ್ರಶ್ನಿಸುವಂತಿಲ್ಲ ಎಂದು ಸಂವಿಧಾನದ 243-ಒ ವಿಧಿ ಹೇಳುತ್ತದೆ. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 15ನೇ ಪ್ರಕರಣದಂತೆ, ಫಲಿತಾಂಶ ಘೋಷಣೆಯಾದ 30 ದಿನದೊಳಗೆ ಗೊತ್ತುಪಡಿಸಿದ ನ್ಯಾಯಾಲಯಕ್ಕೆ ಅರ್ಜಿ ಹೋಗಬೇಕು. ಅಭ್ಯರ್ಥಿಯಷ್ಟೇ ಅಲ್ಲ, ಆ ಕ್ಷೇತ್ರದ ಮತದಾರರೂ ಅರ್ಜಿ ಹಾಕಬಹುದು. ಮೂವತ್ತನೇ ದಿನ ಕಳೆದರೆ ಎಂಥ ಸಾಕ್ಷ್ಯವಿದ್ದರೂ ಪ್ರಯೋಜನಕ್ಕೆ ಬಾರದು. ಅರ್ಜಿಯಲ್ಲಿ ‘ಆಯ್ಕೆ ಅಸಿಂಧು’ ಎಂದಷ್ಟೇ ಕೇಳಿದರೆ ಸಿಗುವುದು ಮರುಚುನಾವಣೆ. ತಾನೇ ಗೆದ್ದದ್ದು ಎನ್ನುವವರು ಅದನ್ನು ಬೇರೆಯಾಗಿ ಕೇಳಿಕೊಳ್ಳಬೇಕು. ವಕೀಲರು ಮೊದಲ ದಿನವೇ ಹೇಳುವ ಮಾತು ಇದು. ಕಕ್ಷಿದಾರರು ವಕೀಲರ ಬಳಿ ಹೋಗುವುದು ಇಪ್ಪತ್ತೆಂಟನೇ ದಿನವಾದರೆ ಹೇಳಿಸಿಕೊಳ್ಳುವುದೂ ಆಗಲೇ.

ನ್ಯಾಯಾಲಯಗಳು ಮತಪತ್ರದ ಕಟ್ಟು ಬಿಚ್ಚಿಸಲು ಸುಲಭಕ್ಕೆ ಒಪ್ಪುವುದಿಲ್ಲ. ಉತ್ತರ ಪ್ರದೇಶದ ರಾಮ್ ಸೇವಕ್ ಯಾದವ್ ಅವರ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿಯೇ ಇಂದಿಗೂ ನಡೆಯುತ್ತಿದೆ: ಮತದಾನದ ಗೋಪ್ಯತೆ ದೊಡ್ಡದು, ಖಚಿತ ಸಂಗತಿಗಳನ್ನು ಅರ್ಜಿಯಲ್ಲಿ ಹೇಳದೆ, ಡಬ್ಬಿ ತೆರೆದರೆ ಏನಾದರೂ ಸಿಕ್ಕೀತು ಎಂಬ ಆಸೆಗೆ ತಪಾಸಣೆ ಕೊಡುವಂತಿಲ್ಲ. 1989ರಲ್ಲಿ ತಮಿಳುನಾಡಿನ ಪಂಚಾಯಿತಿ ಅಧ್ಯಕ್ಷ ಸ್ಥಾನದ ವ್ಯಾಜ್ಯವೊಂದರಲ್ಲಿ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮರು ಎಣಿಕೆಯಲ್ಲಿ ಫಲಿತಾಂಶ ತಿರುಗಿತು ಎಂಬ ಕಾರಣಕ್ಕೆ ಮರು ಎಣಿಕೆಯ ಆದೇಶ ಸರಿ ಎಂದಾಗದು. ಆದೇಶ ಕೊಡುವ ಹೊತ್ತಿಗೆ ಕಡತದಲ್ಲಿ ಸಾಕಷ್ಟು ಆಧಾರ ಇತ್ತೇ ಎಂಬುದೇ ಮುಖ್ಯ ಎಂದಿತು.

ಈ ಬಿಗಿಗೆ ಅರ್ಥವಿದೆ. ಸೋತವರೆಲ್ಲ ಕೇಳಿದಾಗಲೆಲ್ಲ ಡಬ್ಬಿ ತೆರೆದರೆ ಯಾವ ಪಂಚಾಯಿತಿಯೂ ಕೆಲಸ ಶುರುಮಾಡಲಾಗದು. ಅಲ್ಲದೆ ನೂರಿನ್ನೂರು ಮತದ ಸಣ್ಣ ಮತಗಟ್ಟೆಯಲ್ಲಿ ಮತಪತ್ರಗಳನ್ನು ಪದೇ ಪದೇ ತಿರುವಿಹಾಕಿದರೆ ಯಾರು ಯಾರಿಗೆ ಒತ್ತಿದರೆಂಬ ಊಹೆಗೆ ದಾರಿಯಾಗುತ್ತದೆ. ಊರಿನಲ್ಲಿ ಬಡವರು, ಕೂಲಿಯವರು, ಗೇಣಿದಾರರು ಆ ಊಹೆಗೆ ಬೆಲೆ ತೆರುತ್ತಾರೆ. ಆದರೆ ಸೋತವರು ಆಧಾರ ತರಬೇಕು ಎನ್ನುವಾಗ, ಆ ಆಧಾರವೆಲ್ಲ ಇರುವುದು ಯಾರ ಬೀರುವಿನಲ್ಲಿ ಎಂದೂ ಕೇಳಬೇಕಾಗುತ್ತದೆ. ಮತಪತ್ರದ ಲೆಕ್ಕ, ಮತಗಟ್ಟೆ ಅಧಿಕಾರಿಯ ದಿನಚರಿ, ಎಣಿಕೆ ಹಾಳೆ, ವಿಡಿಯೊ ಎಲ್ಲವೂ ಸರ್ಕಾರಿ ಕಚೇರಿಯ ವಶದಲ್ಲಿರುತ್ತವೆ. ಅವು ಕಳೆದುಹೋದರೆ ನಷ್ಟ ಸೋತವರಿಗೆ ಮಾತ್ರ ಆಗಬೇಕೇ?

ಸುಪ್ರೀಂ ಕೋರ್ಟಿನ 2025ರ ಮಾರ್ಚ್ 7ರ ತೀರ್ಪು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಪ್ರಯಾಗ್‌ರಾಜ್ ಜಿಲ್ಲೆಯ ಹಳ್ಳಿಯೊಂದರಲ್ಲಿ 2021ರಲ್ಲಿ ಗ್ರಾಮ ಪ್ರಧಾನ ಸ್ಥಾನಕ್ಕೆ ಚುನಾವಣೆ ನಡೆದು, ಒಬ್ಬರು 37 ಮತಗಳಿಂದ ಸೋತರು. ಮೂರು ಮತಗಟ್ಟೆಗಳಲ್ಲಿ ಒಟ್ಟು 1,194 ಮತ ಬಿದ್ದಿವೆ ಎಂದು ಮತಗಟ್ಟೆ ಅಧಿಕಾರಿ ಬಾಯಲ್ಲಿ ಹೇಳಿದ್ದರೆಂಬುದು ಅವರ ವಾದ. ನಮೂನೆಯಲ್ಲಿ ಬಂದದ್ದು 1,213. ವ್ಯತ್ಯಾಸ 19. ತಾಳೆ ನೋಡಲು ಮತಗಟ್ಟೆ ಅಧಿಕಾರಿಯ ದಿನಚರಿ ಬೇಕಿತ್ತು, ಅದು ಸಿಗಲೇ ಇಲ್ಲ. ಉಪವಿಭಾಗಾಧಿಕಾರಿ ಮರು ಎಣಿಕೆಗೆ ಆದೇಶಿಸಿದ್ದರು, ಹೈಕೋರ್ಟ್ ತಡೆದಿತ್ತು. ನ್ಯಾಯಮೂರ್ತಿಗಳಾದ ಸಂಜಯ್ ಕರೋಲ್ ಮತ್ತು ಎನ್. ಕೋಟೀಶ್ವರ್ ಸಿಂಗ್ ಅವರ ಪೀಠ ಮರು ಎಣಿಕೆಗೆ ದಾರಿ ತೆರೆಯಿತು. 19 ಮತದ ವ್ಯತ್ಯಾಸ 37ರ ಅಂತರವನ್ನು ಅಳಿಸದಿದ್ದರೂ ಒಂದೊಂದು ಮತಕ್ಕೂ ಅದರದೇ ಬೆಲೆ ಇದೆ, ಚುನಾವಣೆಯ ಒಂದೊಂದು ದಾಖಲೆಯನ್ನೂ ಕಾಪಾಡಬೇಕು ಎಂಬುದು ಆ ತೀರ್ಪಿನ ಸಾರ. ದಾಖಲೆ ಕಾಣೆಯಾದದ್ದೇ ಅನುಮಾನಕ್ಕೆ ಆಧಾರ ಎಂದು ಒಪ್ಪಿಕೊಂಡದ್ದು ಇದರ ದೊಡ್ಡ ಗುಣ. ಆದರೆ ಇಲ್ಲೂ ನಾಲ್ಕು ವರ್ಷ ಹತ್ತಿರ ಬಂದಿತ್ತು.

ಕಾಣೆಯಾದ ದಾಖಲೆಯ ಪ್ರಶ್ನೆ ಕರ್ನಾಟಕದಲ್ಲೂ ಎದ್ದಿತು. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ 2023ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡ 248 ಮತಗಳಿಂದ ಗೆದ್ದಿದ್ದರು. ಬಿಜೆಪಿಯ ಕೆ.ಎಸ್. ಮಂಜುನಾಥಗೌಡ ಎಣಿಕೆಯನ್ನು ಪ್ರಶ್ನಿಸಿದರು. ಎಣಿಕೆಯ ವಿಡಿಯೊ ಚಿತ್ರೀಕರಣವನ್ನು ಹೈಕೋರ್ಟಿಗೆ ಒದಗಿಸಲು ಅಧಿಕಾರಿಗಳಿಂದ ಆಗಲಿಲ್ಲ. 2025ರ ಸೆಪ್ಟೆಂಬರ್ 16ರಂದು ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರು ಎಣಿಕೆಗೆ ಆದೇಶಿಸಿತು. ಸುಪ್ರೀಂ ಕೋರ್ಟ್ ಆಯ್ಕೆ ರದ್ದತಿಗೆ ತಡೆ ಕೊಟ್ಟಿತಾದರೂ ಮರು ಎಣಿಕೆ ನಡೆಸಿ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಲು ಹೇಳಿತು. ನವೆಂಬರಿನಲ್ಲಿ ಕೋಲಾರದಲ್ಲಿ ಎಣಿಕೆ ನಡೆಯಿತು. ಶಾಸಕರ ಚುನಾವಣೆಯಲ್ಲೇ, ಅಷ್ಟೆಲ್ಲ ಏರ್ಪಾಡಿನ ನಡುವೆಯೇ ವಿಡಿಯೊ ಸಿಗುವುದಿಲ್ಲವೆಂದಾದರೆ ಪಂಚಾಯಿತಿ ವಾರ್ಡಿನ ಎಣಿಕೆಗೆ ಯಾವ ಭರವಸೆ?

ವಿಡಿಯೊ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಚಂಡೀಗಡ ಸಾಕ್ಷಿ. 2024ರ ಜನವರಿ 30ರಂದು ಅಲ್ಲಿನ ಮೇಯರ್ ಚುನಾವಣೆಯಲ್ಲಿ ಚಲಾವಣೆಯಾದದ್ದು ಬರೀ 36 ಮತ. ಬಿಜೆಪಿ ಅಭ್ಯರ್ಥಿಗೆ 16, ಎಎಪಿ-ಕಾಂಗ್ರೆಸ್ ಅಭ್ಯರ್ಥಿ ಕುಲದೀಪ್ ಕುಮಾರ್‌ಗೆ 12, ಉಳಿದ 8 ಕುಲಗೆಟ್ಟಿವೆ ಎಂದು ಚುನಾವಣೆ ನಡೆಸಿದ ಅನಿಲ್ ಮಸೀಹ್ ಪ್ರಕಟಿಸಿದರು. ಅವರು ಮತಪತ್ರಗಳ ಮೇಲೆ ಪೆನ್ನಾಡಿಸುತ್ತಿದ್ದದ್ದು ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಸುಪ್ರೀಂ ಕೋರ್ಟ್ ಮತಪತ್ರಗಳನ್ನೇ ತರಿಸಿ ನೋಡಿತು: ಎಂಟೂ ಕುಲದೀಪ್ ಕುಮಾರ್‌ಗೆ ಬಿದ್ದ ಮತಗಳು. ಫೆಬ್ರುವರಿ 20ರಂದು, ಅಂದರೆ ಚುನಾವಣೆ ನಡೆದ ಮೂರು ವಾರಕ್ಕೆ, 20 ಮತಗಳೊಂದಿಗೆ ಅವರೇ ಮೇಯರ್ ಎಂದು ಕೋರ್ಟ್ ಘೋಷಿಸಿತು. ಮನಸ್ಸು ಮಾಡಿದರೆ ಮೂರು ವಾರ ಸಾಕು ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿದೆ. ಹಳ್ಳಿಯ ಸದಸ್ಯನಿಗೆ ದೇಶದ ಅತ್ಯುನ್ನತ ನ್ಯಾಯಾಲಯದ ಬಾಗಿಲು ತಟ್ಟುವ ಶಕ್ತಿ ಎಲ್ಲಿಂದ ಬರಬೇಕು?

ಸೋತವರು ಕೇಳಿದಾಗ ಮಾತ್ರ ಎಣಿಸುವ ಬದಲು, ಯಾರೂ ಕೇಳದೆಯೇ ಪ್ರತಿ ಚುನಾವಣೆಯ ಒಂದು ಪಾಲನ್ನು ತಾಳೆ ನೋಡುವ ಪದ್ಧತಿಯೂ ಇದೆ. ಅಮೆರಿಕದ ಕೊಲರಾಡೊ ರಾಜ್ಯ 2017ರಿಂದ ಇಂಥ ಲೆಕ್ಕಪರಿಶೋಧನೆಯನ್ನು ರಾಜ್ಯದಾದ್ಯಂತ ನಡೆಸುತ್ತಿದೆ. ಕೆಲವು ಮತಪತ್ರಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಯಂತ್ರದ ಲೆಕ್ಕದ ಜೊತೆ ಹೋಲಿಸುತ್ತಾರೆ. ಗೆಲುವಿನ ಅಂತರ ಕಡಿಮೆಯಾದಷ್ಟೂ ಹೆಚ್ಚು ಮತಪತ್ರ ನೋಡಬೇಕು. ಭಾರತದಲ್ಲಿ ಅದಕ್ಕೆ ಹತ್ತಿರವಾದದ್ದು ವಿವಿಪ್ಯಾಟ್ ತಾಳೆ: 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸುತ್ತಾರೆ. 2024ರ ಏಪ್ರಿಲ್ 26ರ ತೀರ್ಪು, ಎರಡನೇ ಮತ್ತು ಮೂರನೇ ಸ್ಥಾನದ ಅಭ್ಯರ್ಥಿಗಳು ಏಳು ದಿನದೊಳಗೆ ಅರ್ಜಿ ಕೊಟ್ಟರೆ ಶೇ 5ರಷ್ಟು ಮತಯಂತ್ರಗಳ ಮೆಮೊರಿ ಪರಿಶೀಲಿಸಬೇಕು ಎಂದಿತು. ಖರ್ಚು ಅರ್ಜಿದಾರರದು, ಯಂತ್ರ ತಿರುಚಿದ್ದು ಸಾಬೀತಾದರೆ ಹಣ ವಾಪಸ್. ಈ ತೀರ್ಪುಗಳು ಬಂದದ್ದು ಲೋಕಸಭೆ, ವಿಧಾನಸಭೆಗಳಿಗಾಗಿ. ಪಂಚಾಯಿತಿ, ಪುರಸಭೆಗಳ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಹೊಣೆ. ಅಲ್ಲಿಗೆ ಇಂಥ ತಾಳೆ ಇನ್ನೂ ಬಂದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸುವಂತೆ ಶಿಫಾರಸು ಮಾಡಿತು. ಯಂತ್ರವೋ ಮತಪತ್ರವೋ ಎಂಬ ವಾದ ಅಂದಿನಿಂದ ಜೋರಾಗಿದೆ. ಆದರೆ ಬುವಾನಾ ಲಾಖುವಿನಲ್ಲಿ ಯಂತ್ರವಿತ್ತು, ಚಂಡೀಗಡದಲ್ಲಿ ಮತಪತ್ರವಿತ್ತು. ಎರಡೂ ಕಡೆ ತಪ್ಪು ನಡೆದದ್ದು ಮತ ಬಿದ್ದ ಮೇಲೆ, ಲೆಕ್ಕ ಹಿಡಿದ ಮನುಷ್ಯರ ಕೈಯಲ್ಲಿ. ಎರಡೂ ಕಡೆ ತಪ್ಪು ಸರಿಹೋದದ್ದು ಮೂಲ ಮತ ಹಾಗೇ ಉಳಿದಿದ್ದರಿಂದ. ಮತಪತ್ರ ವಾಪಸ್ ಬಂದರೆ ಎಣಿಕೆ ಮೇಜಿನ ಕೆಲಸ ಹಲವು ಪಟ್ಟು ಹೆಚ್ಚುತ್ತದೆ, ತಿರಸ್ಕೃತ ಮತಗಳು ಹೆಚ್ಚುತ್ತವೆ, ಜೊತೆಗೆ ಮರು ಎಣಿಕೆಯ ಅರ್ಜಿಗಳೂ. ಅದಕ್ಕೆ ತಯಾರಿಲ್ಲದೆ ಪದ್ಧತಿಯನ್ನಷ್ಟೇ ಬದಲಿಸಿದರೆ ಸಾಲದು.

ರಾಜ್ಯ ಚುನಾವಣಾ ಆಯೋಗ ಮತ್ತು ಸರ್ಕಾರ ಮಾಡಬೇಕಾದದ್ದು ತೀರಾ ಹೊಸದೇನಲ್ಲ. ಪ್ರತಿ ಮೇಜಿನ ಎಣಿಕೆ ಹಾಳೆಗೆ ಸಹಿ ಹಾಕಿ ಅದರ ನಕಲನ್ನು ಅಲ್ಲೇ ಏಜೆಂಟರಿಗೆ ಕೊಡಬೇಕು. ಒಟ್ಟು ಮತ ಓದಿದ ಮೇಲೆ ಇಂತಿಷ್ಟು ನಿಮಿಷ ಕಾಯುತ್ತೇವೆ ಎಂದು ಧ್ವನಿವರ್ಧಕದಲ್ಲಿ ಹೇಳಿ ಆಮೇಲೆ ಗೆಲುವು ಘೋಷಿಸಬೇಕು. ತಿರಸ್ಕೃತ ಮತಕ್ಕಿಂತ ಗೆಲುವಿನ ಅಂತರ ಕಡಿಮೆಯಿದ್ದರೆ, ಯಾರೂ ಕೇಳದಿದ್ದರೂ ತಿರಸ್ಕೃತ ಮತಗಳನ್ನು ಇನ್ನೊಮ್ಮೆ ನೋಡಬೇಕು. ತಕರಾರು ಅರ್ಜಿ ಆರು ತಿಂಗಳಲ್ಲಿ ತೀರ್ಮಾನವಾಗುವಂತೆ ಕಾಯ್ದೆಯಲ್ಲೇ ಬರೆದು, ಅದು ಮುಗಿಯುವವರೆಗೆ ಮತಪತ್ರ, ಯಂತ್ರ, ವಿಡಿಯೊ ಯಾವುದೂ ನಾಶವಾಗದಂತೆ ಹೊಣೆ ಗೊತ್ತುಮಾಡಬೇಕು.

ಅಷ್ಟರೊಳಗೆ ಚುನಾವಣೆ ಬಂದುಬಿಟ್ಟರೆ, ಊರಿನ ಅಭ್ಯರ್ಥಿಯ ಏಜೆಂಟರಾಗಿ ಎಣಿಕೆ ಮೇಜಿನ ಎದುರು ಕೂರುವ ಹುಡುಗ, ಹುಡುಗಿಯರಿಗೆ ಒಂದು ಮಾತು. ಮತದಾನದ ದಿನ ಮತಗಟ್ಟೆಯಿಂದ ಹೊರಡುವ ಮುಂಚೆ ಎಷ್ಟು ಮತ ಬಿತ್ತು ಎಂಬ ಅಂಕಿಯನ್ನು ಬರೆದುಕೊಳ್ಳಿ; ಎಣಿಕೆಯ ದಿನ ಡಬ್ಬಿ ತೆರೆದ ಕೂಡಲೇ ಅದನ್ನು ತಾಳೆ ನೋಡಿ; ತಿರಸ್ಕರಿಸಿದ ಮತಪತ್ರಗಳನ್ನೂ ಕಾರಣವನ್ನೂ ಗುರುತು ಮಾಡಿಕೊಳ್ಳಿ; ಒಂದು ಬಿಳಿ ಹಾಳೆ, ಒಂದು ಪೆನ್ನು ಜೇಬಿನಲ್ಲಿರಲಿ. ಅನುಮಾನ ಬಂದರೆ ಹೆಸರು ಘೋಷಣೆಯಾಗುವ ಮೊದಲೇ ಅರ್ಜಿ ಬರೆದು ಚುನಾವಣಾಧಿಕಾರಿಯ ಕೈಗೆ ಕೊಟ್ಟು, ನಕಲಿನ ಮೇಲೆ ಸಮಯ ನಮೂದಿಸಿ ಸ್ವೀಕೃತಿ ಸಹಿ ಪಡೆಯಿರಿ.